ಊರು ಇಲ್ಲೇ ಯಾಕೆ?

ನಮ್ಮ ಭೂಗೋಳದ ಮಾಸ್ಟ್ರು ಯಾವ ಊರಿನ ಪಾಠ ಎತ್ತಿಕೊಂಡರೂ ಮೊದಲ ಪ್ರಶ್ನೆ ಒಂದೇ: "ಊರು ಇಲ್ಲೇ ಯಾಕೆ ಹುಟ್ಟಿತು, ಆಚೆ ಯಾಕಲ್ಲ?" ಜನಸಂಖ್ಯೆ, ಬೆಳೆ, ಕಾರ್ಖಾನೆ ಎಲ್ಲ ಆಮೇಲೆ. ಈ ಪ್ರಶ್ನೆಗೆ ಉತ್ತರ ಹೇಳದವನಿಗೆ ಉಳಿದದ್ದು ಬಾಯಿಪಾಠ ಬಂದರೂ ಅರ್ಧ ಅಂಕ. ಈ ಮಳೆಗಾಲದಲ್ಲಿ ಅವರು ತೀರಿಕೊಂಡರು. ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಪತ್ರ ಬಂದಾಗ ನನಗೆ ಹೊಳೆದದ್ದು ಇಷ್ಟೇ: ನಾನೀಗ ಇರುವ ಊರು, ಫಿನ್ಲೆಂಡಿನ ಕೊಕ್ಕೊಲಾದ ಬಗ್ಗೆ ಅವರ ಪ್ರಶ್ನೆಗೆ ಪೂರ್ತಿ ಅಂಕದ ಉತ್ತರ ಬರೆಯಬೇಕು.

ಒಂಬತ್ತನೇ ತರಗತಿಯ ಒಂದು ಕಿಡಿಗೇಡಿತನ ಇಲ್ಲಿ ಹೇಳಲೇಬೇಕು. ಮಾಸ್ಟ್ರು ಕರಿಹಲಗೆಯ ಮೇಲೆ ನಮ್ಮ ಕರಾವಳಿಯ ನಕ್ಷೆ ಬಿಡಿಸಿ ಆಫೀಸಿಗೆ ಹೋಗಿದ್ದರು. ಹಿಂದಿನ ಬೆಂಚಿನವರು ಕಡಲಿನ ಗೆರೆಯನ್ನು ಅಳಿಸಿ, ನಮ್ಮ ಶಾಲೆಯನ್ನು ದಾಟಿ ಪೂರ್ವಕ್ಕೆ ಎಳೆದರು. ಶಾಲೆ ಕಡಲಿನೊಳಗೆ, ನಾಳೆಯಿಂದ ರಜೆ! ಮಾಸ್ಟ್ರು ಬಂದು ನೋಡಿದರು. ಡಸ್ಟರ್ ಮುಟ್ಟಲಿಲ್ಲ, ಬೆತ್ತವನ್ನೂ ಮುಟ್ಟಲಿಲ್ಲ. "ಕಡಲು ಇಲ್ಲಿಗೆ ಬರಲು ಎಷ್ಟು ವರ್ಷ ಬೇಕು? ಲೆಕ್ಕ ಮಾಡಿ ತನ್ನಿ" ಎಂದರು. ಆ ವರ್ಷವಿಡೀ ತಿಂಗಳಿಗೊಮ್ಮೆ, ಹುಣ್ಣಿಮೆಯ ಭರತದ ದಿನ, ದಂಡೆಯ ಕೊನೆಯ ತೆಂಗಿನ ಬುಡದಿಂದ ನೀರಿನ ಅಂಚಿನವರೆಗೆ ಹಗ್ಗ ಹಿಡಿದು ಅಳೆದು ಬರೆಯುವುದು ಇಡೀ ತರಗತಿಯ ಕೆಲಸವಾಯಿತು. ಕಡಲ್ಕೊರೆತ ಎಂಬ ಪದ ನಮಗೆ ಪೇಪರಿನಿಂದ ಗೊತ್ತಿತ್ತು, ಅಳತೆಯಿಂದ ಅರ್ಥವಾಯಿತು. ವರ್ಷದ ಕೊನೆಗೆ ಅವರು ಒಂದು ಮಾತು ಹೇಳಿದರು: "ಇದರ ತಿರುಗಾಮುರುಗ ನಡೆಯುವ ಕರಾವಳಿಯೂ ಇದೆ. ಉತ್ತರ ಯುರೋಪಿನಲ್ಲಿ, ಬೋಥ್ನಿಯಾ ಕೊಲ್ಲಿಯಲ್ಲಿ. ಅಲ್ಲಿ ನೆಲವೇ ಏಳುತ್ತದೆ."

ಆ ಕೊಲ್ಲಿಯ ಪೂರ್ವ ದಂಡೆಯಲ್ಲಿದೆ ಕೊಕ್ಕೊಲಾ. ಫಿನ್ಲೆಂಡಿನ ಪಶ್ಚಿಮ ಕರಾವಳಿ, ಹತ್ತಿರಹತ್ತಿರ 64 ಡಿಗ್ರಿ ಉತ್ತರ ಅಕ್ಷಾಂಶ, ಹೆಲ್ಸಿಂಕಿಯಿಂದ ರೈಲಿನಲ್ಲಿ ಸುಮಾರು 4 ಗಂಟೆ. ಜನ 50 ಸಾವಿರದೊಳಗೆ. ಹೆಚ್ಚಿನವರದು ಫಿನ್ನಿಷ್, ಒಂದಷ್ಟು ಮಂದಿಯದು ಸ್ವೀಡಿಷ್. ರಸ್ತೆ ಫಲಕಗಳೆಲ್ಲ ಎರಡೂ ಭಾಷೆಯಲ್ಲಿ. ಫಿನ್ಲೆಂಡ್ ಆಗ ಸ್ವೀಡನ್ನಿನ ಭಾಗ; ಅದರ ದೊರೆ ಎರಡನೇ ಗುಸ್ತಾವ್ ಅಡಾಲ್ಫ್ 1620ರಲ್ಲಿ ಪಟ್ಟಣದ ಸನ್ನದು ಕೊಟ್ಟ.

ಇಲ್ಲೇ ಯಾಕೆ? ಊರಿನ ನಡುವೆ ಸುಂಟ್ಟಿ ಎಂಬ ಒಂದು ಹೊಳೆ ಇದೆ. ಈಗ ನೋಡಿದರೆ ತೋಡಿಗಿಂತ ಸ್ವಲ್ಪ ದೊಡ್ಡದು, ಎರಡೂ ಬದಿ ಹುಲ್ಲು, ಬಾತುಕೋಳಿ. ಆದರೆ ಹೆಸರು ಸ್ವೀಡಿಷಿನ 'ಸುಂದ್' ಪದದಿಂದ ಬಂದದ್ದು; ಅಂದರೆ ಜಲಸಂಧಿ. ಊರು ಹುಟ್ಟಿದಾಗ ಇದು ಕಡಲಿನ ಒಂದು ತೋಳು, ಗಾಳಿಗೆ ಮರೆಯಾದ ಬಂದರು. ಒಳನಾಡಿನಿಂದ ಸರಕು ಬರುವ ದಾರಿ, ಕಡಲಿನಿಂದ ದೋಣಿ ಬರುವ ದಾರಿ, ಎರಡೂ ಇಲ್ಲಿ ಕೂಡುತ್ತಿದ್ದವು. ಉತ್ತರ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಇಲ್ಲಿ ನೆಲ ವರ್ಷಕ್ಕೆ ಸುಮಾರು 8 ಮಿಲಿಮೀಟರ್ ಏಳುತ್ತದೆ.

ಕಾರಣ ಹಿಮಯುಗ. ಎರಡು ಮೂರು ಕಿಲೋಮೀಟರ್ ದಪ್ಪದ ಮಂಜುಗಡ್ಡೆ ಈ ನೆಲವನ್ನು ಅದುಮಿ ಕೂತಿತ್ತು. ಭೂಮಿಯ ಹೊರಪದರದ ಕೆಳಗಿನ ಬಿಸಿ ಶಿಲೆ ಬಹಳ ನಿಧಾನವಾಗಿ ಹರಿಯುವಂಥದ್ದು. ಭಾರಕ್ಕೆ ಅದು ಪಕ್ಕಕ್ಕೆ ಸರಿಯಿತು, ನೆಲ ಕುಸಿಯಿತು. ಮಂಜು ಕರಗಿ ಸುಮಾರು 10 ಸಾವಿರ ವರ್ಷವಾದರೂ ಶಿಲೆ ಇನ್ನೂ ವಾಪಸು ಹರಿದು ಬರುತ್ತಲೇ ಇದೆ. ಮಾಸ್ಟ್ರ ರೀತಿಯಲ್ಲೇ ಲೆಕ್ಕ ಹಾಕೋಣ: 400 ವರ್ಷಕ್ಕೆ 8 ಮಿಲಿಮೀಟರಿನಂತೆ 3 ಮೀಟರ್ 20 ಸೆಂಟಿಮೀಟರ್. ಎತ್ತರವಾಗಿ ಇದು ದೊಡ್ಡದಲ್ಲ. ಆದರೆ ಇಲ್ಲಿಯ ದಂಡೆ ಚಪ್ಪಟೆ. ಸಾವಿರ ಮೀಟರಿಗೆ 2 ಮೀಟರ್ ಇಳಿಜಾರು ಎಂದಿಟ್ಟುಕೊಂಡರೆ ಕಡಲು 1,600 ಮೀಟರ್ ಹಿಂದೆ ಹೋಯಿತು. ನಮ್ಮ ಮನೆಗಳಲ್ಲಿ ಮಕ್ಕಳ ಎತ್ತರವನ್ನು ಬಾಗಿಲ ಚೌಕಟ್ಟಿಗೆ ಗೀಚಿಡುವ ಹಾಗೆ, ತಾಪಮಾನದ ಸೆಲ್ಸಿಯಸ್ ಹೆಸರಿನಿಂದ ನಮಗೆಲ್ಲ ಪರಿಚಿತರಾದ ಆಂಡರ್ಸ್ ಸೆಲ್ಸಿಯಸ್ 1731ರಲ್ಲಿ ಇದೇ ಕೊಲ್ಲಿಯ ಸ್ವೀಡನ್ ಬದಿಯಲ್ಲಿ ಒಂದು ಬಂಡೆಗೆ ನೀರಿನ ಮಟ್ಟದ ಗೆರೆ ಕೆತ್ತಿಸಿದರು. ಗೆರೆ ಈಗ ನೀರಿನಿಂದ ಬಹಳ ಮೇಲಿದೆ. ನೀರೇ ಕಡಿಮೆಯಾಗುತ್ತಿದೆ ಎಂದು ಅವರು ಎಣಿಸಿದ್ದರು; ಏಳುತ್ತಿದ್ದದ್ದು ನೆಲ.

ಹೊಸ ನೆಲ ಸಿಗುವುದು ಲಾಭವೇ ಅಲ್ಲವೇ ಎಂದು ಕೇಳುವವರಿದ್ದಾರೆ. ಅಷ್ಟು ಸುಲಭವಿಲ್ಲ. ಮೊದಲು ದಕ್ಕೆ ಒಣಗುತ್ತದೆ. ದೋಣಿಮನೆಯ ಬಾಗಿಲ ಎದುರು ನೀರಿನ ಬದಲು ಜೊಂಡು. ಕೊಲ್ಲಿಯ ಬಾಯಿ ಕಿರಿದಾಗಿ ಒಳಗಿನ ನೀರು ಕಡಲಿನೊಂದಿಗೆ ಸಣ್ಣ ಕಾಲುವೆಯಲ್ಲಷ್ಟೇ ಕೂಡುವಾಗ ಅದನ್ನು 'ಫ್ಲಾಡಾ' ಎನ್ನುತ್ತಾರೆ. ಕಡಲಿನ ಮಟ್ಟ ಏರಿದಾಗ ಮಾತ್ರ ಉಪ್ಪುನೀರು ಒಳಬರುವ ಹಂತ ಬಂದರೆ 'ಗ್ಲೋ'. ಆಮೇಲೆ ಸಿಹಿನೀರಿನ ಕೆರೆ, ಕೊನೆಗೆ ಜೌಗು, ಆಲ್ಡರ್ ಮರ, ಸ್ಪ್ರೂಸ್ ಕಾಡು. ಎದ್ದ ನೆಲ ದಂಡೆಯ ಮನೆಯವನದೂ ಅಲ್ಲ. ಅದು ನೀರಿನ ಹಕ್ಕುದಾರರದು, ಸಾಮಾನ್ಯವಾಗಿ ಹಳ್ಳಿಯ ಪಾಲುದಾರರ ಒಕ್ಕೂಟದ್ದು. ಅಂಗಳದ ಮುಂದೆ ಹುಟ್ಟಿದ ಜಾಗವನ್ನು ಮನೆಯವನು ದುಡ್ಡು ಕೊಟ್ಟು ಕೊಳ್ಳಬೇಕು. ಇನ್ನೊಂದು ತೊಂದರೆ ಮಣ್ಣಿನೊಳಗಿದೆ. ಹಳೇ ಕಡಲತಳದ ಜೇಡಿಯಲ್ಲಿ ಕಬ್ಬಿಣದ ಸಲ್ಫೈಡ್ ಇರುತ್ತದೆ. ನೀರಿನಡಿ ಇರುವವರೆಗೆ ಅದರಿಂದ ತೊಂದರೆಯಿಲ್ಲ. ಬೇಸಾಯಕ್ಕೆಂದು ಕಾಲುವೆ ತೆಗೆದು ನೀರು ಬಸಿದರೆ ಗಾಳಿ ತಾಗಿ ಗಂಧಕಾಮ್ಲವಾಗುತ್ತದೆ. ಮಳೆ ಬಂದಾಗ ಅದು ಹೊಳೆಗೆ ಇಳಿದು ಮೀನು ಸಾಯುತ್ತದೆ. ಆದ್ದರಿಂದ ತಿಳಿದವರು ನೀರಿನ ಮಟ್ಟವನ್ನು ತೀರ ಕೆಳಗೆ ಇಳಿಯಲು ಬಿಡುವುದಿಲ್ಲ, ಹೊಲಕ್ಕೆ ಸುಣ್ಣ ಹಾಕುತ್ತಾರೆ.

ಊರು ಬದುಕಿದ್ದು ಟಾರಿನಿಂದ. ರಸ್ತೆಯ ಡಾಮರಲ್ಲ, ಪೈನ್ ಮರದಿಂದ ಇಳಿಸಿದ ಟಾರು. ನಮ್ಮಲ್ಲಿ ದೋಣಿಗೆ ಗೇರೆಣ್ಣೆ ಬಳಿದ ಹಾಗೆ ಆ ಕಾಲದ ಹಡಗುಗಳ ಹಲಗೆಗೂ ಹಗ್ಗಕ್ಕೂ ಅದು ಬೇಕೇಬೇಕು. ಅದನ್ನು ಮಾಡುವುದು ವರ್ಷಗಟ್ಟಲೆಯ ಕೆಲಸ. ಬೇಸಿಗೆಯ ಆರಂಭದಲ್ಲಿ, ರಸ ಏರುವಾಗ, ನಿಂತ ಮರದ ತೊಗಟೆಯನ್ನು ಕೆತ್ತುತ್ತಾರೆ, ಆದರೆ ಉತ್ತರದ ಬದಿಯಲ್ಲಿ ಒಂದು ಪಟ್ಟಿ ಬಿಡುತ್ತಾರೆ. ಆ ಪಟ್ಟಿ ತೆಗೆದರೆ ಮರ ಸಾಯುತ್ತದೆ. ಸತ್ತ ಮರದಲ್ಲಿ ಅಂಟು ಊರುವುದಿಲ್ಲ. ಮುಂದಿನ ವರ್ಷ ಇನ್ನೂ ಮೇಲಕ್ಕೆ, ಹೀಗೆ ಮೂರು ನಾಲ್ಕು ವರ್ಷ. ಗಾಯ ಮುಚ್ಚಲು ಮರ ಅಂಟು ತುಂಬಿಕೊಳ್ಳುತ್ತದೆ. ಆಮೇಲೆ ಚಳಿಗಾಲದಲ್ಲಿ ಕಡಿದು, ಸೀಳಿ ಒಣಗಿಸುತ್ತಾರೆ. ಗುಡ್ಡದ ಇಳಿಜಾರಿನಲ್ಲಿ ಆಲಿಕೆಯ ಆಕಾರದ ಗುಂಡಿ, ತಳಕ್ಕೆ ಜೇಡಿ ಮತ್ತು ಬರ್ಚ್ ತೊಗಟೆಯ ಹಾಸು, ನಡುವಿನಿಂದ ಹೊರಗಿನ ಪೀಪಾಯಿಗೆ ಟೊಳ್ಳು ಮರದ ಕೊಳವೆ. ಸೀಳುಗಳನ್ನು ನಡುವಿಗೆ ಇಳಿಜಾರಾಗುವಂತೆ ಪೇರಿಸಿ, ಮೇಲೆ ಹುಲ್ಲುಹೆಂಟೆ ಹೊದಿಸಿ, ಅಂಚಿಗೆ ಸುತ್ತಲೂ ಬೆಂಕಿ ಕೊಡುತ್ತಾರೆ. ಒಂದು ವಾರ, ಹತ್ತು ದಿನ ಹಗಲೂ ರಾತ್ರಿ ಕಾವಲು. ಉರಿ ಏಳಬಾರದು, ಕಮರಬೇಕು. ಹೊದಿಕೆ ಬಿರಿದು ಗಾಳಿ ಒಳಹೊಕ್ಕರೆ ಟಾರೇ ಉರಿದುಹೋಗುತ್ತದೆ. ಅದಕ್ಕೇ ಕಾವಲಿನವರು ಗುದ್ದಲಿ ಕೆಳಗಿಡುವುದಿಲ್ಲ. ಮೊದಲು ಹುಳಿಯಾದ ತಿಳಿನೀರು ಬರುತ್ತದೆ, ಅದನ್ನು ಬೇರೆ ಹಿಡಿಯಬೇಕು. ಆಮೇಲೆ ಜೇನಿನಂಥ ಕಂದು ಟಾರು. ಪೀಪಾಯಿಗೆ ಸುಮಾರು 125 ಲೀಟರ್.

ಇಷ್ಟು ದುಡಿದೂ ಕೊಕ್ಕೊಲಾದವರು ನೇರವಾಗಿ ಪರದೇಶಕ್ಕೆ ಮಾರುವಂತಿರಲಿಲ್ಲ. ಬೋಥ್ನಿಯಾದ ಊರುಗಳ ಸರಕು ಸ್ಟಾಕ್‌ಹೋಮಿನ ವರ್ತಕರ ಕೈ ದಾಟಿಯೇ ಹೋಗಬೇಕೆಂಬ ಕಟ್ಟಳೆ ಇತ್ತು. ಬೆಲೆ ಅವರು ಹೇಳಿದ್ದು. 1765ರಲ್ಲಿ ಈ ಸೀಮೆಯ ಪಾದ್ರಿ ಆಂಡರ್ಸ್ ಕುಡೇನಿಯಸ್ ಸ್ಟಾಕ್‌ಹೋಮಿನ ಸಂಸತ್ತಿಗೆ ಹೋಗಿ ವಾದಿಸಿದರು, ಕಟ್ಟಳೆ ಬಿತ್ತು. ಅದೇ ವರ್ಷ ಮುಕ್ತ ವ್ಯಾಪಾರದ ಬಗ್ಗೆ ಪುಸ್ತಕ ಬರೆದರು, ಆಡಂ ಸ್ಮಿತ್‌ಗಿಂತ 11 ವರ್ಷ ಮುಂಚೆ. ಮರುವರ್ಷ, 1766ರ ಡಿಸೆಂಬರಿನಲ್ಲಿ, ಅವರು ಮುಂದೆ ನಿಂತು ದುಡಿದ ಪತ್ರಿಕಾ ಸ್ವಾತಂತ್ರ್ಯದ ಕಾಯ್ದೆ ಬಂತು. ಸರ್ಕಾರಿ ಕಡತ ನೋಡುವ, ನಕಲು ಪಡೆಯುವ ಹಕ್ಕನ್ನು ಜನರಿಗೆ ಕೊಟ್ಟ ಜಗತ್ತಿನ ಮೊದಲ ಕಾನೂನು ಅದು. ನಮ್ಮ ಮಾಹಿತಿ ಹಕ್ಕು ಕಾಯ್ದೆ 2005ರದ್ದು. ಕುಡೇನಿಯಸ್ 1770ರಿಂದ 1803ರಲ್ಲಿ ಸಾಯುವವರೆಗೆ ಇಲ್ಲಿಯೇ ಪಾದ್ರಿಯಾಗಿದ್ದರು. ಊರಾಚೆ ಕಾರ್ಲೆಲಾದ ಮಧ್ಯಯುಗದ ಕಲ್ಲಿನ ಚರ್ಚಿನ ಆವರಣದಲ್ಲಿ ಅವರ ಸಮಾಧಿ ಇದೆ. ಈ ಊರಿನಲ್ಲಿ ನನಗೆ ಅತ್ಯಂತ ಗೌರವದ ಜಾಗ ಅದು.

1854ರಲ್ಲಿ, ಕ್ರಿಮಿಯಾ ಯುದ್ಧದ ಕಾಲದಲ್ಲಿ, ಫಿನ್ಲೆಂಡ್ ರಷ್ಯಾದ ಆಳ್ವಿಕೆಯಲ್ಲಿತ್ತು. ಬ್ರಿಟಿಷ್ ಹಡಗುಗಳು ಕೊಲ್ಲಿಗೆ ಬಂದು ರಾಹೆ, ಔಲು ಊರುಗಳ ಟಾರಿನ ದಾಸ್ತಾನು ಸುಟ್ಟವು. ಜೂನ್ 7ರಂದು ಓಡಿನ್, ವಲ್ಚರ್ ಎಂಬ ಎರಡು ಉಗಿಹಡಗು ಕೊಕ್ಕೊಲಾಕ್ಕೆ ಬಂದವು. ದಂಡೆಯ ಹತ್ತಿರ ಆಳವಿಲ್ಲದ ಕಾರಣ ಹಡಗು ಹೊರಗೇ ನಿಲ್ಲಬೇಕಾಯಿತು. ಸೈನಿಕರು ಒಂಬತ್ತು ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಬಂದರು. ಹಾಲ್ಕೊಕಾರಿಯ ದಂಡೆಯಲ್ಲಿ ರಷ್ಯಾದ ಪಡೆಯೊಂದಿಗೆ ಊರಿನವರೂ ರೈತರೂ ಬಂದೂಕು ಹಿಡಿದು ಮರೆಯಲ್ಲಿ ಕಾದಿದ್ದರು. ದಾಳಿ ಹಿಮ್ಮೆಟ್ಟಿತು, ಒಂದು ದೋಣಿ ಇವರ ಕೈಗೆ ಸಿಕ್ಕಿತು. ಬಂದರನ್ನು ಹೂಳಿದ ನೆಲವೇ ಹಡಗಿನ ಫಿರಂಗಿಯನ್ನೂ ದೂರ ಇಟ್ಟಿತು. ಹಾಲ್ಕೊಕಾರಿ ಎಂಬ ಹೆಸರಿನ 'ಕಾರಿ' ಅಂದರೆ ಕಡಲಿನೊಳಗಿನ ಬಂಡೆದಿಬ್ಬ. ಈಗ ಅಲ್ಲಿ ಮನೆಗಳಿವೆ. ಆ ದೋಣಿ ಸುಂಟ್ಟಿಯ ಪಕ್ಕದ ಇಂಗ್ಲಿಷ್ ಪಾರ್ಕಿನಲ್ಲಿ ಒಂದು ಸಣ್ಣ ಮನೆಯೊಳಗಿದೆ. ಬ್ರಿಟನ್ನಿನವರು ವಾಪಸು ಕೇಳಿದ್ದಾರೆ, ಊರು ಕೊಟ್ಟಿಲ್ಲ. ಸತ್ತ ಒಂಬತ್ತು ಬ್ರಿಟಿಷರನ್ನು ಮಾತ್ರ ಮಾರಿಯಾ ಸ್ಮಶಾನದಲ್ಲಿ ಮರ್ಯಾದೆಯಿಂದ ಮಣ್ಣು ಮಾಡಿದರು.

ಹಳೆಯ ಊರಿನ ಹೆಸರು ನೆರಿಸ್ತಾನ್, ಕೆಳಗಿನ ಪೇಟೆ. ನಾವಿಕರು, ಕುಶಲಕರ್ಮಿಗಳು ಇದ್ದ ಮರದ ಮನೆಗಳು. ಸಾಹುಕಾರರದು ಮೇಲಿನ ಪೇಟೆ. ಹಳೆಯ ಮನೆಗಳ ಕೆಂಪು ಬಣ್ಣವನ್ನು ನಮ್ಮ ಅಂಗಳಗಳ ಕೆಮ್ಮಣ್ಣಿನ ಸಂಬಂಧಿ ಎನ್ನಬಹುದು. ಸುಮಾರು 50 ಲೀಟರ್ ಕುದಿನೀರಿಗೆ 2 ಕಿಲೋ ಅನ್ನಭೇದಿ (ಕಬ್ಬಿಣದ ಸಲ್ಫೇಟ್), 3 ಕಿಲೋ ರೈ ಹಿಟ್ಟು ಹಾಕಿ ಗಂಜಿ ಕಾಸಿ, 8 ಕಿಲೋ ಕೆಮ್ಮಣ್ಣಿನ ಪುಡಿ ಕದಡಿ, ತಣ್ಣಗಾದ ಮೇಲೆ ಒರಟು ಹಲಗೆಗೆ ಬಳಿಯುವುದು. ಅನ್ನಭೇದಿ ಬೂಸ್ಟು ತಡೆಯುತ್ತದೆ. ಗಂಜಿ ಮರಕ್ಕೆ ಉಸಿರಾಡಲು ಬಿಡುತ್ತದೆ. ಇದರ ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆದರೆ ಪೇಂಟೂ ನಿಲ್ಲುವುದಿಲ್ಲ, ಒಳಗಿನ ತೇವ ಹೊರಬರಲಾರದೆ ಹಲಗೆಯೂ ಕೊಳೆಯುತ್ತದೆ.

ಮ್ಯೂಸಿಯಂ ಆವರಣದಲ್ಲಿ 1696ರ ಒಂದು ಮರದ ಶಾಲೆ ಇದೆ, ಹೆಸರು ಪೆಡಗೋಗಿಯೊ. ಶಾಲೆಯ ಸಂಚಿಕೆಗೆ ಬರೆಯುವಾಗ ಇದನ್ನು ಬಿಡುವುದು ಸಾಧ್ಯವಿಲ್ಲ. ಫಿನ್ಲೆಂಡಿನ ಪಟ್ಟಣಗಳಲ್ಲಿ ಉಳಿದ ಮರದ ಕಟ್ಟಡಗಳಲ್ಲಿ ಅತ್ಯಂತ ಹಳೆಯವುಗಳಲ್ಲಿ ಇದೂ ಒಂದು. ನಮ್ಮ ಕಡೆ ಇಂದಿನ ಪ್ರಶ್ನೆಪತ್ರಿಕೆಯಲ್ಲಿ ಊರಿಗೆ ನಾಲ್ಕು ಆಯ್ಕೆ ಕೊಟ್ಟು ಟಿಕ್ ಹಾಕಿಸುತ್ತಾರೆ ಎಂದು ಕೇಳಿದ್ದೇನೆ. ನಕ್ಷೆ ಕೈಯಲ್ಲಿ ಬಿಡಿಸಿದ ಮಗುವಿಗೆ ಹೊಳೆ ಯಾಕೆ ಅಲ್ಲಿ ಬಾಗಿತು ಎಂಬ ಅನುಮಾನ ಬರುತ್ತದೆ. ಟಿಕ್ ಹಾಕಿದ ಮಗುವಿಗೆ ಬರುವುದಿಲ್ಲ. ಕೊಕ್ಕೊಲಾದ ಕರಾವಳಿಯನ್ನು ನಾನು ನೋಡದೆ ಬಿಡಿಸಬಲ್ಲೆ. ಆ ಕೈಗೆ ಅಭ್ಯಾಸ ಬಿದ್ದದ್ದು ನಮ್ಮ ಶಾಲೆಯ ಸ್ಲೇಟಿನ ಮೇಲೆ.

ನೋಡಲು ಬರುವವರು ಜೂನ್ ಕೊನೆಯಿಂದ ಆಗಸ್ಟ್ ನಡುವೆ ಬರಬೇಕು. ಆಗ ತಾಂಕಾರ್ ದ್ವೀಪಕ್ಕೆ ದೋಣಿ ಇರುತ್ತದೆ. ದಂಡೆಯಿಂದ ಸುಮಾರು 18 ಕಿಲೋಮೀಟರ್, 1889ರ ದೀಪಸ್ತಂಭ, ಮೀನುಗಾರರು 1754ರಲ್ಲಿ ಕಟ್ಟಿದ ಮರದ ಚರ್ಚು. ಬೇಸಿಗೆಯೆಂದು ನಂಬಿ ಬರೀ ಅಂಗಿಯಲ್ಲಿ ದೋಣಿ ಹತ್ತಬೇಡಿ, ಕೊಲ್ಲಿಯ ಗಾಳಿ ಜುಲೈಯಲ್ಲೂ ಕೊರೆಯುತ್ತದೆ. ಡಿಸೆಂಬರಿನಲ್ಲಿ ಹಗಲು 4 ಗಂಟೆ ಮಾತ್ರ, ಕಡಲು ಹೆಪ್ಪುಗಟ್ಟುತ್ತದೆ.

ಈಗಿನ ಬಂದರು ಯುಕ್ಸ್‌ಪಿಹ್ಲಾಯಾದಲ್ಲಿ, ಊರಿನಿಂದ ಕೆಲವು ಕಿಲೋಮೀಟರ್ ಆಚೆ. 1885ರಲ್ಲಿ ರೈಲು ಬಂದ ಮೇಲೆ ಹಡಗಿನ ವ್ಯವಹಾರವೆಲ್ಲ ಅಲ್ಲಿಗೆ ಸರಿಯಿತು. 1969ರಲ್ಲಿ ಅದರ ಪಕ್ಕದಲ್ಲೇ ಸತುವಿನ ಕಾರ್ಖಾನೆ ಶುರುವಾಯಿತು. ಅದಿರು ಹಡಗಿನಲ್ಲಿ ಇಳಿಯುತ್ತದೆ, ಸತು ಹಡಗಿನಲ್ಲೇ ಹೋಗುತ್ತದೆ. ಊರು ಇಲ್ಲೇ ಯಾಕೆ ಎಂದರೆ ಕಡಲಿಗಾಗಿ, ಮಾಸ್ಟ್ರೇ. ಕಡಲು ಸರಿದಾಗಲೆಲ್ಲ ಊರು ತನ್ನ ದಕ್ಕೆಯನ್ನು ಎತ್ತಿಕೊಂಡು ಅದರ ಹಿಂದೆಯೇ ನಡೆದಿದೆ. ಸುಂಟ್ಟಿಯಿಂದ ಯುಕ್ಸ್‌ಪಿಹ್ಲಾಯಾದವರೆಗಿನ ದೂರವನ್ನು ಈ ಸಲ ಹಗ್ಗದಲ್ಲಲ್ಲ, ಹೆಜ್ಜೆಯಲ್ಲಿ ಅಳೆದಿದ್ದೇನೆ.