ಒಪೆರಾ ಸಿರಿವಂತರ ಗೀಳಲ್ಲವೆ?

ಪಾಶ್ಚಾತ್ಯ ಸಂಗೀತದ ಬಗ್ಗೆ, ಅದರಲ್ಲೂ ಹಾಡುತ್ತಲೇ ಆಡುವ ಸಂಗೀತ ನಾಟಕವಾದ ಒಪೆರಾದ ಬಗ್ಗೆ ಬರೆದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: ‘ಅದು ರಾಜಮನೆತನದವರ, ದೊಡ್ಡ ಜಮೀನ್ದಾರರ ಗೀಳಲ್ಲವೆ? ವಜ್ರದ ಹಾರ ಹಾಕಿಕೊಂಡು ಬಂದು, ಅರ್ಥವಾಗದ ಭಾಷೆಯ ಹಾಡು ಕೇಳಿ ಎದ್ದುಹೋಗುವವರ ಕಲೆಗೆ ನೀವೇಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀರಿ?’ ಪ್ರಶ್ನೆಯಲ್ಲಿ ಹುರುಳಿಲ್ಲದಿಲ್ಲ. ಆದರೂ ಉತ್ತರವಾಗಿ ನಾನು ಹೇಳುವುದು ಒಬ್ಬ ಅಪ್ಪಟ ರಾಜವಂಶಸ್ಥರ ಕಥೆಯನ್ನೇ. ಸಿರಿವಂತರಿಗೂ ಒಪೆರಾಕ್ಕೂ ಇರುವ ನಂಟು ನಾವು ಊಹಿಸಿದಷ್ಟು ಗಟ್ಟಿಯಲ್ಲ ಎಂಬುದಕ್ಕೆ ಅವರ ಬದುಕಿಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. ಅವರು ಹಾರ್‌ವುಡ್‌ನ ಏಳನೆಯ ಅರ್ಲ್ (ಇಂಗ್ಲೆಂಡಿನಲ್ಲಿ ವಂಶಪಾರಂಪರ್ಯವಾಗಿ ಬರುವ ಒಂದು ಕುಲೀನ ಪದವಿ), ಜಾರ್ಜ್ ಲಾಸೆಲ್ಸ್.

1923ರ ಫೆಬ್ರುವರಿ 7ರಂದು ಇವರು ಲಂಡನ್ನಿನಲ್ಲಿ ಹುಟ್ಟಿದರು. ತಾಯಿ ರಾಜಕುಮಾರಿ ಮೇರಿ, ಐದನೆಯ ಜಾರ್ಜ್ ದೊರೆಯ ಒಬ್ಬಳೇ ಮಗಳು. ಹಾಗಾಗಿ ಇವರು ದೊರೆಯ ಮೊದಲ ಮೊಮ್ಮಗ, ಮುಂದೆ ರಾಣಿಯಾದ ಎರಡನೆಯ ಎಲಿಜಬೆತ್‌ಗೆ ಸೋದರತ್ತೆಯ ಮಗ. ಹುಟ್ಟಿದಾಗ ಸಿಂಹಾಸನದ ಸರದಿಯಲ್ಲಿ ಆರನೆಯವರು. ತಂದೆಯ ಕಡೆಯ ಆಸ್ತಿ ಯಾರ್ಕ್‌ಷರ್‌ನಲ್ಲಿ, ಲೀಡ್ಸ್ ನಗರದ ಬದಿಯಲ್ಲಿರುವ ಹಾರ್‌ವುಡ್ ಹೌಸ್ ಎಂಬ ಭವ್ಯ ಸೌಧ. ಹದಿನೆಂಟನೆಯ ಶತಮಾನದಲ್ಲಿ ಅದನ್ನು ಕಟ್ಟಲು ಬಂದ ಹಣ ಬಾರ್ಬಡೋಸ್ ಮತ್ತಿತರ ಕೆರಿಬಿಯನ್ ದ್ವೀಪಗಳ ಸಕ್ಕರೆಯಿಂದ, ಅಂದರೆ ಗುಲಾಮರ ಬೆವರಿನಿಂದ ಬಂದದ್ದು. ಈ ಮನೆತನದ ಯಾರ ಬಗ್ಗೆ ಬರೆದರೂ ಈ ಮಾತನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ಇಂಥ ಮನೆಯಲ್ಲಿ ಸಂಗೀತದ ಹುಚ್ಚು ಸಹಜವಾಗಿತ್ತೇ? ಖಂಡಿತ ಇರಲಿಲ್ಲ. ಪಟ್ಟ ಬಿಟ್ಟುಕೊಟ್ಟ ಎಂಟನೆಯ ಎಡ್ವರ್ಡ್ ಇವರಿಗೆ ಸೋದರಮಾವ. ‘ಜಾರ್ಜ್‌ಗೆ ಈ ಸಂಗೀತ ಎಲ್ಲಿಂದ ಬಂತೋ, ಅವನ ತಂದೆತಾಯಿ ಕುದುರೆ, ನಾಯಿ, ಹಳ್ಳಿಗಾಡು ಎಂದುಕೊಂಡು ಸರಿಯಾಗಿಯೇ ಇದ್ದರಲ್ಲ’ ಎಂಬರ್ಥದ ಮಾತನ್ನು ಆತ ಆಡಿದ್ದರೆಂದು ಹೇಳುತ್ತಾರೆ. ನನಗೆ ಎದುರಾಗುವ ಪ್ರಶ್ನೆಗೆ ಅರ್ಧ ಉತ್ತರ ಈ ಮಾತಿನಲ್ಲೇ ಇದೆ.

ಎರಡನೆಯ ಮಹಾಯುದ್ಧದಲ್ಲಿ ಗ್ರೆನೇಡಿಯರ್ ಗಾರ್ಡ್ಸ್ ಪಡೆಯ ಅಧಿಕಾರಿಯಾಗಿದ್ದ ಜಾರ್ಜ್, 1944ರ ಜೂನ್‌ನಲ್ಲಿ ಇಟಲಿಯಲ್ಲಿ ಗಾಯಗೊಂಡು ಜರ್ಮನರ ಕೈಗೆ ಸಿಕ್ಕಿಬಿದ್ದರು. ಆಗಿನ ದೊರೆ ಆರನೆಯ ಜಾರ್ಜ್‌ರ ಸೋದರಳಿಯನೆಂದು ತಿಳಿದ ಮೇಲೆ ಅವರನ್ನು ಜರ್ಮನಿಯ ಕೋಲ್ಡಿಟ್ಜ್ ಕೋಟೆಗೆ ಸಾಗಿಸಿ, ಮುಂದೆ ಚೌಕಾಸಿಗೆ ಒದಗಬಹುದಾದ ‘ಗಣ್ಯ’ ಕೈದಿಗಳ ಜೊತೆ ಇರಿಸಲಾಯಿತು. 1945ರ ಮಾರ್ಚ್‌ನಲ್ಲಿ ಹಿಟ್ಲರ್ ಅವರ ಮರಣದಂಡನೆಗೆ ಸಹಿ ಹಾಕಿದ. ಆದರೆ ಯುದ್ಧ ಕೈಬಿಟ್ಟುಹೋಗಿರುವುದನ್ನು ಅರಿತಿದ್ದ ಎಸ್‌ಎಸ್ ಎಂಬ ನಾಜಿ ಪಡೆಯ ಸೇನಾನಿ ಗಾಟ್‌ಲೋಬ್ ಬರ್ಗರ್ ಆ ಆಜ್ಞೆಯನ್ನು ಜಾರಿಮಾಡದೆ ಕೈದಿಗಳನ್ನು ಸ್ವಿಸ್ ಅಧಿಕಾರಿಗಳಿಗೆ ಒಪ್ಪಿಸಿದ. ಸೆರೆಯ ದಿನಗಳಲ್ಲಿ ಜಾರ್ಜ್ ಓದುತ್ತಿದ್ದದ್ದು ಗ್ರೋವ್ ಅವರ ಸಂಗೀತ ಕೋಶವನ್ನು.

1947ರಲ್ಲಿ ತಂದೆ ತೀರಿಕೊಂಡಾಗ ಇಪ್ಪತ್ತನಾಲ್ಕರ ಹರೆಯದಲ್ಲಿ ಪದವಿಯೂ ಆಸ್ತಿಯೂ ಅವರ ಪಾಲಿಗೆ ಬಂದವು. ಜೊತೆಗೆ ಮರಣೋತ್ತರ ತೆರಿಗೆಯ ಹೊರೆಯೂ ಬಂತು. ಜಮೀನಿನ ದೊಡ್ಡ ಭಾಗ ಮಾರಾಟವಾಯಿತು, ಮನೆಯನ್ನು ಸಾರ್ವಜನಿಕರಿಗೆ ತೆರೆದಿಡಬೇಕಾಯಿತು, ಇಟಲಿಯ ಚಿತ್ರಕಾರ ಟಿಷಿಯನ್ ಬರೆದ, ಗ್ರೀಕ್ ಪುರಾಣದ ಆಕ್ಟಿಯಾನ್‌ನ ಸಾವಿನ ಚಿತ್ರವೂ 1971ರಲ್ಲಿ ಹರಾಜಿಗೆ ಹೋಗಿ ಕೊನೆಗೆ ಲಂಡನ್ನಿನ ನ್ಯಾಷನಲ್ ಗ್ಯಾಲರಿ ಸೇರಿತು. ಬ್ರಿಟಿಷ್ ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಹುಟ್ಟಿನಿಂದ ದಕ್ಕಿದ ಆಸನ 1999ರ ಕಾಯ್ದೆ ಬರುವವರೆಗೂ ಅವರದಾಗಿತ್ತು. ಆದರೆ ಪಕ್ಷ ರಾಜಕೀಯದಲ್ಲಿ ಅವರು ಹೆಸರು ಮಾಡಿದವರಲ್ಲ. ಅವರ ನಿಜವಾದ ರಾಜಕೀಯ ನಡೆದದ್ದು ನಾಟಕಶಾಲೆಗಳ ಕಚೇರಿಗಳಲ್ಲಿ: ಸಾರ್ವಜನಿಕ ಅನುದಾನಕ್ಕಾಗಿ ವಾದಿಸುವುದರಲ್ಲಿ, ಮುಂದಿನ ವರ್ಷ ಯಾವ ಕೃತಿ ರಂಗಕ್ಕೆ ಬರಬೇಕು, ಯಾವುದಕ್ಕೆ ಖರ್ಚು ಮಾಡಬಾರದು ಎಂದು ತೀರ್ಮಾನಿಸುವುದರಲ್ಲಿ.

ಹಳೆಯ ಕಾಲದ ಪೋಷಕರು ಹಣ ಕೊಟ್ಟು ನಾಟಕಶಾಲೆಯ ಖಾಸಗಿ ಬಾಕ್ಸಿನಲ್ಲಿ ಕುಳಿತುಕೊಳ್ಳುತ್ತಿದ್ದರು. ಹಾರ್‌ವುಡ್ ದುಡಿಯಲು ಕುಳಿತರು. 1950ರಲ್ಲಿ ‘ಒಪೆರಾ’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿ 1953ರವರೆಗೆ ಸಂಪಾದಿಸಿದರು. ಆಮೇಲೆ ಲಂಡನ್ನಿನ ಕಾವೆಂಟ್ ಗಾರ್ಡನ್‌ನ ರಾಯಲ್ ಒಪೆರಾ ಹೌಸ್‌ನಲ್ಲಿ ಸಿಬ್ಬಂದಿಯಾಗಿಯೇ ವರ್ಷಗಟ್ಟಲೆ ಕೆಲಸ ಮಾಡಿದರು. ಒಪೆರಾಗಳ ಕಥೆಗಳನ್ನೂ ಮುಖ್ಯ ಹಾಡುಗಳ ಸ್ವರಲಿಪಿಯನ್ನೂ ಕೊಡುವ ಕೊಬ್ಬೆ ಅವರ ದಪ್ಪ ಕೈಪಿಡಿಯನ್ನು 1954ರಿಂದ ಪರಿಷ್ಕರಿಸುತ್ತ ಬಂದವರೂ ಇವರೇ. ಒಪೆರಾಕ್ಕೆ ಹೊಸಬರಾದವರಿಗೆ ನಾನು ಇಂದಿಗೂ ಸೂಚಿಸುವ ಪುಸ್ತಕ ಅದು.

ಪ್ರಶ್ನೆ ಕೇಳಿದವರಿಗೆ ನಾನು ವಿವರವಾಗಿ ಹೇಳುವ ಒಂದು ಸಂಜೆಯಿದೆ. 1952ರ ಮಾರ್ಚ್‌ನಲ್ಲಿ ಹಾರ್‌ವುಡ್ ದಂಪತಿ ಸಂಗೀತಗಾರ ಬೆಂಜಮಿನ್ ಬ್ರಿಟನ್ ಮತ್ತು ಗಾಯಕ ಪೀಟರ್ ಪಿಯರ್ಸ್ ಜೊತೆ ಆಸ್ಟ್ರಿಯಾದಲ್ಲಿ ಹಿಮದ ಮೇಲೆ ಜಾರುವ ರಜೆಯಲ್ಲಿದ್ದರು. ಬೇರೆ ದೇಶಗಳಿಗೆ ತಮ್ಮದೇ ಎನ್ನುವ ರಾಷ್ಟ್ರೀಯ ಒಪೆರಾಗಳಿವೆ, ಇಂಗ್ಲೆಂಡಿಗೆ ಯಾವುದಿದೆ ಎಂದು ಮಾತು ಬಂದಾಗ, ಮೊದಲನೆಯ ಎಲಿಜಬೆತ್ ರಾಣಿ ಮತ್ತು ಆಕೆಯ ಮೆಚ್ಚಿನ ಆಸ್ಥಾನಿಕ ಎಸೆಕ್ಸ್‌ನ ಅರ್ಲ್‌ನ ಕಥೆಯನ್ನು ಸೂಚಿಸಿದವರು ಹಾರ್‌ವುಡ್. ಎರಡನೆಯ ಎಲಿಜಬೆತ್‌ರ ಪಟ್ಟಾಭಿಷೇಕದ ಅಂಗವಾಗಿ, 1953ರ ಜೂನ್ 8ರಂದು, ಬ್ರಿಟನ್ ಆ ಕಥೆಗೆ ಸಂಗೀತ ಕಟ್ಟಿದ ‘ಗ್ಲೋರಿಯಾನಾ’ ಎಂಬ ಒಪೆರಾ ಹೊಸ ರಾಣಿಯ ಸಮ್ಮುಖದಲ್ಲೇ ಕಾವೆಂಟ್ ಗಾರ್ಡನ್‌ನಲ್ಲಿ ರಂಗಕ್ಕೆ ಬಂತು. ಸಭಾಂಗಣದ ತುಂಬ ರಾಯಭಾರಿಗಳು, ಮಂತ್ರಿಗಳು, ಪದಕ ಧರಿಸಿದ ಗಣ್ಯರು. ಅವರು ಕಾದಿದ್ದದ್ದು ಜಯಘೋಷಕ್ಕಾಗಿ. ರಂಗದ ಮೇಲೆ ಕಂಡದ್ದು ವಯಸ್ಸಾದ, ಸಂದೇಹಗಳಲ್ಲಿ ಬೇಯುವ ಒಬ್ಬ ರಾಣಿ. ಕೊನೆಯ ಅಂಕದಲ್ಲಿ ಎಸೆಕ್ಸ್ ಅನುಮತಿಯಿಲ್ಲದೆ ಅಂತಃಪುರಕ್ಕೆ ನುಗ್ಗಿದಾಗ ರಾಣಿ ಕೃತಕ ಕೂದಲು ತೆಗೆದಿಟ್ಟು, ಅಲಂಕಾರವಿಲ್ಲದೆ ಕುಳಿತಿರುತ್ತಾಳೆ. ಪಟ್ಟಾಭಿಷೇಕದ ವಾರದಲ್ಲಿ ಇದನ್ನು ತೋರಿಸುವುದಕ್ಕೆ ಎದೆಗಾರಿಕೆ ಬೇಕು. ಕೈಗವಸು ತೊಟ್ಟ ಕೈಗಳ ಚಪ್ಪಾಳೆ ಸಪ್ಪಳವೇ ಇಲ್ಲದಂತೆ ಬಿತ್ತು. ಆ ರಾತ್ರಿ ಒಪೆರಾವನ್ನು ಸೋಲಿಸಿದವರು ಟಿಕೆಟ್ಟಿಗೆ ದುಡ್ಡಿಲ್ಲದವರಲ್ಲ, ಯಾವ ಸಿರಿವಂತರ ಗೀಳು ಅದೆಂದು ನಾವು ಹೇಳುತ್ತೇವೋ ಆ ಸಿರಿವಂತರೇ.

ಅದೇ ಗ್ಲೋರಿಯಾನಾಕ್ಕೆ ಮತ್ತೆ ಜೀವ ಬಂದದ್ದು 1966ರಲ್ಲಿ ಸ್ಯಾಡ್ಲರ್ಸ್ ವೆಲ್ಸ್ ತಂಡದಿಂದ. ಆ ತಂಡದ ಮೂಲ ಅರಮನೆಯಲ್ಲಿಲ್ಲ. ಲಿಲಿಯನ್ ಬೇಲಿಸ್ ಎಂಬ ಛಲಗಾತಿ ಥೇಮ್ಸ್ ನದಿಯ ದಕ್ಷಿಣ ದಂಡೆಯ ದುಡಿಯುವ ಜನರಿಗಾಗಿ ಓಲ್ಡ್ ವಿಕ್ ರಂಗಮಂದಿರದಲ್ಲಿ ಅಗ್ಗದ ದರದಲ್ಲಿ, ಇಂಗ್ಲಿಷಿನಲ್ಲಿ ಒಪೆರಾ ಆಡಿಸುತ್ತಿದ್ದಳು. ಆ ಬೀಜವೇ ಬೆಳೆದು ಸ್ಯಾಡ್ಲರ್ಸ್ ವೆಲ್ಸ್ ಆಯಿತು. 1972ರಲ್ಲಿ ಹಾರ್‌ವುಡ್ ಈ ತಂಡದ ವ್ಯವಸ್ಥಾಪಕ ನಿರ್ದೇಶಕರಾದರು. 1974ರಲ್ಲಿ ಅದಕ್ಕೆ ಇಂಗ್ಲಿಷ್ ನ್ಯಾಷನಲ್ ಒಪೆರಾ ಎಂಬ ಹೆಸರು ಬಂತು. ಲಂಡನ್ನಿನ ಕೊಲಿಸಿಯಂ ರಂಗಮಂದಿರದಲ್ಲಿ ವೆರ್ಡಿಯೂ ವಾಗ್ನರನೂ ಪ್ರೇಕ್ಷಕರ ಭಾಷೆಯಲ್ಲೇ ಹಾಡಿದರು. ರೆಜಿನಾಲ್ಡ್ ಗುಡಾಲ್ ಅವರ ವಾದ್ಯವೃಂದ ನಿರ್ದೇಶನದಲ್ಲಿ, ಆಂಡ್ರ್ಯೂ ಪೋರ್ಟರ್ ಅನುವಾದದಲ್ಲಿ ವಾಗ್ನರನ ನಾಲ್ಕು ಸಂಜೆಗಳ ಒಪೆರಾ ಮಾಲೆ ‘ರಿಂಗ್’ ಪೂರ್ಣವಾಗಿ ಇಂಗ್ಲಿಷಿನಲ್ಲಿ ನಡೆದದ್ದು 1973ರಲ್ಲಿ. 1982ರಲ್ಲಿ ರಂಗನಿರ್ದೇಶಕ ಜೊನಾಥನ್ ಮಿಲ್ಲರ್ ವೆರ್ಡಿಯ ‘ರಿಗೊಲೆಟ್ಟೊ’ವನ್ನು ನ್ಯೂಯಾರ್ಕಿನ ಮಾಫಿಯಾ ಲೋಕಕ್ಕೆ ಒಯ್ದರು. ಭಾಷಾಂತರದಲ್ಲಿ ಮೂಲದ ಸ್ವರವ್ಯಂಜನಗಳ ಸೊಗಸು ಹೋಗುತ್ತದೆಂಬ ಆಕ್ಷೇಪವನ್ನು ನಾನೂ ಒಪ್ಪುತ್ತೇನೆ. ಆದರೂ ಹಾಸ್ಯದ ಸಾಲಿಗೆ ಸಭೆ ಆ ಕ್ಷಣದಲ್ಲೇ ನಗುವುದಾದರೆ ಆ ನಷ್ಟ ನನಗೆ ಒಪ್ಪಿಗೆ.

ನಮ್ಮ ಓದುಗರು ತಿಳಿಯಬೇಕಾದ ಇನ್ನೊಂದು ಅಧ್ಯಾಯ ಸ್ಕಾಟ್ಲೆಂಡಿನ ಕಲಾಮೇಳವಾದ ಎಡಿನ್‌ಬರೋ ಉತ್ಸವದ್ದು. 1961ರಿಂದ 1965ರವರೆಗೆ ಅದರ ಕಲಾನಿರ್ದೇಶಕರಾಗಿದ್ದ ಹಾರ್‌ವುಡ್, ಶೋನ್‌ಬರ್ಗ್‌ನಂಥ ಕಠಿಣ ಸಂಗೀತಗಾರರನ್ನೂ ಸೋವಿಯತ್ ನಾಡಿನ ಶೋಸ್ಟಕೋವಿಚ್‌ರನ್ನೂ ಉತ್ಸವದ ಕೇಂದ್ರಕ್ಕೆ ತಂದವರು. 1963ರ ಉತ್ಸವದಲ್ಲಿ ಭಾರತದ ಸಂಗೀತ, ನೃತ್ಯಗಳಿಗೆ ದೊಡ್ಡ ಸ್ಥಾನ ದೊರೆಯಿತು. ಎಂ.ಎಸ್. ಸುಬ್ಬುಲಕ್ಷ್ಮಿ ಅಲ್ಲಿ ಹಾಡಿದರು, ಬಾಲಸರಸ್ವತಿ ನರ್ತಿಸಿದರು. ಬೀಟಲ್ಸ್ ಹುಡುಗರು ಸಿತಾರ್ ಹಿಡಿಯುವ ಮೊದಲೇ ನಡೆದ ಈ ಸಂಗತಿ ನಮ್ಮ ಸಂಗೀತದ ವಿದೇಶಯಾನದ ಕಥೆಗಳಲ್ಲಿ ಯಾಕೋ ಅಡಿಟಿಪ್ಪಣಿಯಾಗಿಯೇ ಉಳಿದಿದೆ.

ಖಾಸಗಿ ಬದುಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 1949ರಲ್ಲಿ ಪಿಯಾನೊ ವಾದಕಿ ಮೇರಿಯನ್ ಸ್ಟೈನ್ ಅವರನ್ನು ಮದುವೆಯಾದರು. 1967ರಲ್ಲಿ ವಿಚ್ಛೇದನ, ಅದೇ ವರ್ಷ ಆಸ್ಟ್ರೇಲಿಯಾದ ಪಿಟೀಲು ವಾದಕಿ ಪೆಟ್ರಿಷಿಯಾ ಟಕ್‌ವೆಲ್ ಜೊತೆ ಮರುವಿವಾಹ. 1772ರ ರಾಜಮನೆತನದ ವಿವಾಹ ಕಾಯ್ದೆಯ ಪ್ರಕಾರ ಅದಕ್ಕೆ ರಾಣಿಯ ಒಪ್ಪಿಗೆ ಬೇಕಿತ್ತು. ಒಪ್ಪಿಗೆ ಸಿಕ್ಕಿತು, ಆದರೆ ಕೆಲವು ವರ್ಷ ಅರಮನೆಯ ಬಾಗಿಲು ಅವರ ಪಾಲಿಗೆ ಹೆಚ್ಚುಕಡಿಮೆ ಮುಚ್ಚಿದಂತೆಯೇ ಇತ್ತು.

ಲಂಡನ್ನಿನವರಿಗೆ ಮಾತ್ರ ಒಪೆರಾ ದಕ್ಕಿದರೆ ಸಾಲದೆಂಬುದು ಅವರ ಹಟವಾಗಿತ್ತು. ಅವರು ಮುಖ್ಯಸ್ಥರಾಗಿದ್ದಾಗಲೇ ಇಂಗ್ಲಿಷ್ ನ್ಯಾಷನಲ್ ಒಪೆರಾದ ಉತ್ತರದ ಶಾಖೆ ಲೀಡ್ಸ್‌ನ ಗ್ರ್ಯಾಂಡ್ ಥಿಯೇಟರ್‌ನಲ್ಲಿ 1978ರ ನವೆಂಬರ್‌ನಲ್ಲಿ ಸೇಂಟ್-ಸಾನ್ಸ್‌ನ ‘ಸ್ಯಾಮ್ಸನ್ ಮತ್ತು ಡಲೈಲಾ’ದೊಂದಿಗೆ ಶುರುವಾಯಿತು. ಬಟ್ಟೆ ಗಿರಣಿಗಳ ಆ ಊರಿನ ತಂಡ 1981ರಲ್ಲಿ ಒಪೆರಾ ನಾರ್ತ್ ಎಂಬ ಹೆಸರಿನಲ್ಲಿ ಸ್ವತಂತ್ರವಾಯಿತು, ಇಂದಿಗೂ ಉತ್ತರದ ಊರುಗಳಿಗೆ ಪ್ರವಾಸ ಹೋಗಿ ಆಡುತ್ತಿದೆ. ಅದೇ ಊರಿನ ಫುಟ್‌ಬಾಲ್ ತಂಡ ಲೀಡ್ಸ್ ಯುನೈಟೆಡ್‌ಗೂ ಹಾರ್‌ವುಡ್ ಅಧ್ಯಕ್ಷರು. 1966ರಲ್ಲಿ ಇಂಗ್ಲೆಂಡ್ ವಿಶ್ವಕಪ್ ಗೆದ್ದಾಗ ಇಂಗ್ಲಿಷ್ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರೂ ಅವರೇ ಆಗಿದ್ದರು. 2011ರ ಜುಲೈ 11ರಂದು ಹಾರ್‌ವುಡ್ ಹೌಸ್‌ನಲ್ಲಿ ತೀರಿಕೊಂಡಾಗಲೂ ಲೀಡ್ಸ್ ಯುನೈಟೆಡ್‌ನ ಅಧ್ಯಕ್ಷ ಸ್ಥಾನ ಅವರದೇ ಆಗಿತ್ತು.