ಮೊದಲ ದಿನವೇ ಹೇಳಿಬಿಡು

ನಮ್ಮ ಶಿರಸ್ತೇದಾರರು ತೀರಿಕೊಂಡು ಎಂಟು ತಿಂಗಳಾಯಿತು. ಯಾದಗಿರಿಯಲ್ಲಿ ಹಲವರಿಗೆ ಅವರು ‘ಮೀನಿನ ಸಾಹೇಬರು’ ಎಂದೇ ಪರಿಚಯ. ನಿವೃತ್ತಿಯ ನಂತರ ಸಮುದ್ರದ ಮೀನಿನ ಅಂಗಡಿ ಇಟ್ಟಿದ್ದರು. ನನಗೆ ಮಾತ್ರ ಅವರು ಕೊನೆಯವರೆಗೂ ಕೆಲಸ ಕಲಿಸಿದ ಮೇಲಧಿಕಾರಿ.

2009ರ ಡಿಸೆಂಬರ್ 30ರಂದು ಯಾದಗಿರಿ ಹೊಸ ಜಿಲ್ಲೆಯಾಯಿತು. ಮರುವರ್ಷ ನಾನು ಭೀಮಾ ತೀರದ ಒಂದು ತಾಲ್ಲೂಕು ಕಚೇರಿಗೆ ದ್ವಿತೀಯ ದರ್ಜೆ ಸಹಾಯಕನಾಗಿ ಬಂದೆ. ನನ್ನ ಮೇಜಿಗೆ ಬಂದದ್ದು ಪೌತಿ ಖಾತೆಯ, ಅಂದರೆ ಸತ್ತವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವ ಕಡತಗಳು. ಒಂದು ಹಳ್ಳಿಯಿಂದ ಒಬ್ಬ ಮುದುಕಿ ಬರುತ್ತಿದ್ದಳು. ಗಂಡ ಸತ್ತಿದ್ದ, ಎರಡು ಎಕರೆ ಜಮೀನು ಆತನ ಹೆಸರಿನಲ್ಲೇ ಉಳಿದಿತ್ತು. ಮೊದಲ ಸಲ ಬಂದಾಗ ಮರಣ ಪ್ರಮಾಣಪತ್ರ ತರಲು ಹೇಳಿದೆ. ತಂದಾಗ ವಂಶವೃಕ್ಷ ಬೇಕೆಂದೆ. ಅದನ್ನು ತಂದ ದಿನ ಹೊಸ ಪಹಣಿ, ಆಮೇಲೆ ಮಕ್ಕಳ ಒಪ್ಪಿಗೆ ಪತ್ರ. ನಾನು ಲಂಚ ಕೇಳಿರಲಿಲ್ಲ, ಗದರಿಸಿರಲಿಲ್ಲ. ಆದ್ದರಿಂದ ನನ್ನದೇನೂ ತಪ್ಪಿಲ್ಲ ಎಂದೇ ನಂಬಿದ್ದೆ.

ಐದನೆಯ ಸಲ ಬಂದಾಗ ಆಕೆ ಶಿರಸ್ತೇದಾರರ ಮೇಜಿನ ಮುಂದೆ ನಿಂತು ಎಲೆ ಅಡಿಕೆಯ ಸಂಚಿ ಬಿಚ್ಚಿದಳು. ಒಳಗಿಂದ ಮಡಿಸಿದ ಬಸ್ ಟಿಕೆಟ್‌ಗಳನ್ನು ತೆಗೆದು ಒಂದೊಂದಾಗಿ ಹರಡಿದಳು. ಸುಣ್ಣ ತಾಗಿ ಕೆಲವು ಬಿಳಿಚಿಕೊಂಡಿದ್ದವು. ಹೋಗಿ ಬರುವ ಟಿಕೆಟ್ ಸೇರಿ ಒಂಬತ್ತು. ಹತ್ತನೆಯದನ್ನು ಆಕೆ ಆ ಸಂಜೆ ಕೊಳ್ಳಬೇಕಿತ್ತು. ಅವರು ನನ್ನನ್ನು ಬೈಯಲಿಲ್ಲ. ಹತ್ತಿ ಬಿಡಿಸುವ ಕೂಲಿ ದಿನಕ್ಕೆಷ್ಟು ಎಂದು ಆಕೆಯನ್ನು ಕೇಳಿದರು, ಐದರಿಂದ ಗುಣಿಸಿ ಟಿಕೆಟ್ ದುಡ್ಡು ಕೂಡಿಸಿದರು, ಮೊತ್ತ ಬರೆದ ಚೀಟಿಯನ್ನು ನನ್ನ ಕಡೆ ಸರಿಸಿದರು. ‘ತಮ್ಮಾ, ಇಷ್ಟು ದುಡ್ಡು ನೀನು ಲಂಚ ತೆಗೆದುಕೊಂಡಿದ್ದರೆ ಕನಿಷ್ಠ ನಿನಗಾದರೂ ದಕ್ಕುತ್ತಿತ್ತು. ಈಗ ಯಾರಿಗೂ ದಕ್ಕಲಿಲ್ಲ, ಆಕೆಯ ಕೈಯಿಂದ ಮಾತ್ರ ಹೋಯಿತು. ಬೇಕಾದದ್ದನ್ನೆಲ್ಲ ಮೊದಲ ದಿನವೇ ಹೇಳಿಬಿಡು. ಆಗದಿದ್ದರೆ ಆಗುವುದಿಲ್ಲ ಎಂಬುದನ್ನೂ ಮೊದಲ ದಿನವೇ ಹೇಳಿಬಿಡು.’

ಅಷ್ಟು ನಾಚಿಕೆ ನನಗೆ ಮುಂದೆಂದೂ ಆಗಿಲ್ಲ.

ಅರವತ್ತು ತುಂಬಿ ನಿವೃತ್ತರಾದ ಕೆಲವೇ ತಿಂಗಳಲ್ಲಿ ಅವರು ಅಂಗಡಿ ತೆರೆದರು. ಶಿರಸ್ತೇದಾರರಾಗಿದ್ದವರು ತಕ್ಕಡಿ ಹಿಡಿಯುವುದೇ ಎಂದು ನಮ್ಮ ಕಚೇರಿಯಲ್ಲೇ ಮೂಗು ಮುರಿದವರಿದ್ದರು. ಅವರ ತಂದೆ ಭೀಮೆಯಲ್ಲಿ ಬಲೆ ಬೀಸಿ ಮಗನನ್ನು ಓದಿಸಿದವರು. ‘ಮೀನು ಮಾರಿದ ದುಡ್ಡಿನಿಂದಲೇ ನಾನು ಶಿರಸ್ತೇದಾರನಾದದ್ದು. ಈಗ ಅದು ಹೇಗೆ ಕೀಳಾಯಿತು?’ ಎಂದು ಕೇಳುತ್ತಿದ್ದರು. ಆದರೆ ಹೊಳೆಯ ಮೀನನ್ನು ಅವರು ಮಾರಲಿಲ್ಲ. ಅದನ್ನು ತನ್ನ ಬಂಧುಬಳಗವೇ ಬುಟ್ಟಿಯಲ್ಲಿಟ್ಟು ಮಾರುತ್ತದೆ, ಪಿಂಚಣಿ ಬರುವವನು ಅವರ ಅನ್ನಕ್ಕೆ ಕೈ ಹಾಕಬಾರದು ಎನ್ನುತ್ತಿದ್ದರು. ಹಾಗಾಗಿ ಮಲ್ಪೆ, ಮಂಗಳೂರಿನ ಕಡೆಯಿಂದ ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ ಬಂಗಡೆ, ಅಂಜಲ್, ಸೀಗಡಿ ತರಿಸಿದರು.

ಅಂಗಡಿಯ ಮುಂದೆ ಒಂದು ಕರಿಹಲಗೆ. ಯಾವ ಮೀನು ಯಾವ ದಿನ ಬಂತು ಎಂಬುದನ್ನು ಪ್ರತಿ ಬೆಳಿಗ್ಗೆ ಅದರ ಮೇಲೆ ಬರೆಯುತ್ತಿದ್ದರು, ಕಡತದ ಟಿಪ್ಪಣಿ ಹಾಳೆಗೆ ದಿನಾಂಕ ಹಾಕುತ್ತಿದ್ದ ಅದೇ ದುಂಡು ಅಕ್ಷರದಲ್ಲಿ. ನಿನ್ನೆಯದಾದರೆ ‘ನಿನ್ನೆಯದು’ ಎಂದೇ ಬರೆದು ಬೆಲೆ ಇಳಿಸುತ್ತಿದ್ದರು.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ನಮ್ಮ ಕಡೆ ಮೃಗಶಿರಾ ಮಳೆ ಕೂಡುವುದೂ ಜೂನ್ ಮೊದಲ ವಾರದ ಆಚೀಚೆ. ಅಂದು ಮೀನು ತಿನ್ನಬೇಕೆಂದು ಜನ ಮುಗಿಬೀಳುತ್ತಾರೆ. ಹಳೆಯ ದಾಸ್ತಾನಿಗೆ ಕೇಳಿದ ಬೆಲೆ ಸಿಗುವ ದಿನ ಅದು. ಅವರು ಬಾಗಿಲು ಮುಚ್ಚಿ, ಹಲಗೆಯ ಮೇಲೆ ನಿಷೇಧದ ದಿನಾಂಕ ಬರೆದು, ಬಂದವರನ್ನು ರೋಹು, ಕಟ್ಲಾ ಮಾರುವ ಹೆಂಗಸರ ಬಳಿಗೆ ಕಳಿಸುತ್ತಿದ್ದರು.

ಒಂದು ಮೇ ತಿಂಗಳ ಬೆಳಿಗ್ಗೆ ನಾನು ಅಲ್ಲೇ ಇದ್ದೆ. ದಾರಿಯಲ್ಲಿ ಕೆಟ್ಟು ನಿಂತಿದ್ದ ಲಾರಿ ಬಹಳ ತಡವಾಗಿ ಬಂದಿತ್ತು. ಪೆಟ್ಟಿಗೆ ತೆರೆದರೆ ಮಂಜುಗಡ್ಡೆ ಇರಲಿಲ್ಲ, ಬೆಚ್ಚಗಿನ ನೀರಿನಲ್ಲಿ ಬಂಗಡೆ ತೇಲುತ್ತಿದ್ದವು. ಒಂದನ್ನೆತ್ತಿ ಹೆಬ್ಬೆರಳಿನಿಂದ ಕಿವಿರು ಬಿಡಿಸಿದರು. ಕೆಂಪಿರಬೇಕಾದದ್ದು ಕಂದು ಬಣ್ಣಕ್ಕೆ ತಿರುಗಿತ್ತು. ಹೊಟ್ಟೆ ಒತ್ತಿದರೆ ಬಿದ್ದ ಗುಳಿ ಮೇಲೇಳಲಿಲ್ಲ. ಕಾದು ನಿಂತಿದ್ದ ಮೇಷ್ಟ್ರು, ಚೆನ್ನಾಗಿ ಹುರಿದರೆ ಆಯಿತು, ಕಡಿಮೆಗೆ ಕೊಡಿ ಎಂದರು. ಬಂಗಡೆ ಬಿಸಿಗೆ ಸಿಕ್ಕರೆ ಅದರಲ್ಲಿ ಹಿಸ್ಟಮಿನ್ ಹೆಚ್ಚುತ್ತದೆ, ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ, ತಿಂದವರಿಗೆ ಮುಖ ಕೆಂಪೇರಿ ತಲೆನೋವು, ವಾಂತಿ ಬರುತ್ತದೆ ಎಂದು ಅವರು ನಿಧಾನವಾಗಿ ವಿವರಿಸಿದರು. ‘ಈಗಲೇ ಇಲ್ಲವೆಂದರೆ ನೀವು ಕೋಳಿ ಒಯ್ಯುತ್ತೀರಿ, ಮೇಷ್ಟ್ರೇ. ಮನೆಗೆ ಹೋದ ಮೇಲೆ ತಿಳಿದರೆ, ಮಸಾಲೆ ಅರೆದು ಕುಳಿತವರಿಗೆ ಏನು ಹೇಳುತ್ತೀರಿ?’ ಇಡೀ ಪೆಟ್ಟಿಗೆಯನ್ನು ಹೊಲದಲ್ಲಿ ಗುಂಡಿ ತೋಡಿ, ಸುಣ್ಣ ಸುರಿದು ಹೂಳಿಸಿದರು. ಆ ತಿಂಗಳು ಅಂಗಡಿಯ ಬಾಡಿಗೆ ಪಿಂಚಣಿಯಿಂದ ಹೋಯಿತು.

ಈಗ ನಮ್ಮಲ್ಲಿ ಸಕಾಲ ಇದೆ, ಸರ್ಕಾರಿ ಸೇವೆಯನ್ನು ಗೊತ್ತುಪಡಿಸಿದ ದಿನಗಳೊಳಗೆ ಕೊಡಲೇಬೇಕೆನ್ನುವ ವ್ಯವಸ್ಥೆ. 2011ರ ಕಾಯ್ದೆ, ಮರುವರ್ಷ ಜಾರಿಗೆ ಬಂತು. ಅದರಿಂದ ಜನರಿಗೆ ದೊಡ್ಡ ಉಪಕಾರವಾಗಿದೆ ಎಂದು ಮನಸಾರೆ ಹೇಳುತ್ತೇನೆ. ಆದರೆ ದಿನಗಳ ಎಣಿಕೆ ಶುರುವಾಗುವುದು ಅರ್ಜಿ ಸ್ವೀಕರಿಸಿದ ಮೇಲೆ. ಅದಕ್ಕೂ ಮುಂಚೆ ಒಂದೊಂದು ಕಾಗದಕ್ಕಾಗಿ ಅಲೆದ ದಿನಗಳು ಯಾವ ಕಂಪ್ಯೂಟರಿನಲ್ಲೂ ಕಾಣುವುದಿಲ್ಲ, ಅವು ಮುದುಕಿಯ ಸಂಚಿಯಲ್ಲಿರುತ್ತವೆ. ಹೊಸದಾಗಿ ಬಂದ ಹುಡುಗರಿಗೆ ನಾನು ಇದನ್ನೇ ತೋರಿಸಿಕೊಡುತ್ತೇನೆ: ಪೂರ್ತಿ ಪಟ್ಟಿಯನ್ನು ಒಂದೇ ಸಲ ಬರೆದುಕೊಡಿ, ಆಗದ ಕೆಲಸಕ್ಕೆ ಕಾರಣ ಬರೆದು ಅಂದೇ ಹಿಂಬರಹ ಕೊಡಿ. ಹಿಂಬರಹ ಕೊಟ್ಟರೆ ಜನ ಜಗಳಕ್ಕೆ ಬರುತ್ತಾರೆ ಎಂದು ಅವರು ಹೆದರುತ್ತಾರೆ. ಬರುತ್ತಾರೆ, ನಿಜ. ಕಾಗದ ಕೈಯಲ್ಲಿದ್ದರೆ ಮೇಲ್ಮನವಿಗೂ ಹೋಗುತ್ತಾರೆ. ಹೋಗಲಿ, ಅದು ಅವರ ಹಕ್ಕು.

ಕಳೆದ ತಿಂಗಳು ಶಿರಸ್ತೇದಾರರ ಪತ್ನಿ ಪೌತಿ ಖಾತೆಗೆಂದು ನಮ್ಮ ಕಚೇರಿಗೆ ಬಂದಿದ್ದರು. ಕುಳ್ಳಿರಿಸಿ, ಬೇಕಾದ ಕಾಗದಗಳ ಪಟ್ಟಿ ಬರೆಯಲು ಪೆನ್ನು ತೆಗೆದೆ. ಅಮ್ಮ ಚೀಲದಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಮುಂದಿಟ್ಟರು. ‘ಅವರೇ ಬರೆದಿಟ್ಟಿದ್ದರು ತಮ್ಮಾ, ಆಸ್ಪತ್ರೆಗೆ ಹೋಗುವ ಮುಂಚೆ.’ ಅದೇ ದುಂಡು ಅಕ್ಷರ. ಪಹಣಿ, ಆಧಾರ್ ನಕಲು, ಪಡಿತರ ಚೀಟಿ ಎಂದು ಬರೆದು, ಸಿದ್ಧವಿದ್ದ ಒಂದೊಂದರ ಮುಂದೆಯೂ ಗುರುತು ಹಾಕಿದ್ದರು. ಕೆಳಗೆ ಎರಡು ಸಾಲುಗಳ ಮುಂದೆ ಜಾಗ ಖಾಲಿ ಇತ್ತು: ಮರಣ ಪ್ರಮಾಣಪತ್ರ, ವಂಶವೃಕ್ಷ.

ಅವೆರಡನ್ನೂ ಅಮ್ಮ ತಂದಿದ್ದರು. ನೋಡಿ, ನನ್ನ ಪೆನ್ನಿನಿಂದ ಗುರುತು ಹಾಕಿ, ಅರ್ಜಿಗೆ ಅಂದೇ ಸ್ವೀಕೃತಿ ಕೊಟ್ಟೆ.