ಬಾಲ ಬರಬಾರದ ಕಡೆ ಬಾಲ

18 ಜುಲೈ 2024, ಗುರುವಾರ
ಮಂಗಳೂರು, ರಾತ್ರಿ 11.20

ಬೆಳಿಗ್ಗೆಯಿಂದ ಬಿಡದೆ ಮಳೆ. ಸೋಮವಾರ ಒಗೆದ ಬಟ್ಟೆಯೇ ಇನ್ನೂ ಒಣಗಿಲ್ಲ, ಇನ್ನು ಸ್ಲೈಡ್ ಎಲ್ಲಿ ಒಣಗುತ್ತೆ?

ಮಂಗಳವಾರ ಲ್ಯಾಬಿನಲ್ಲಿ ಪ್ರಯೋಗ ಕೆಟ್ಟಿದ್ದು ಅಲ್ಲಿಂದಲೇ ಶುರುವಾಯಿತು. ಕಾಮೆಟ್ ಅಸ್ಸೇ, ಅಂದರೆ ಕೋಶದ ಡಿಎನ್‌ಎ ಎಷ್ಟು ತುಂಡಾಗಿದೆ ಅಂತ ನೋಡುವ ಪರೀಕ್ಷೆ, ಮಾಡುವ ಹಿಂದಿನ ದಿನ ಗಾಜಿನ ಸ್ಲೈಡಿಗೆ ಅಗರೋಸ್ ಅನ್ನುವ ಜೆಲ್ ತೆಳ್ಳಗೆ ಬಳಿದು ಒಣಗಿಸಿಡಬೇಕು. ಅದು ಹಸಿ ಉಳಿದರೆ ಮೇಲಿನ ಜೆಲ್ ಕಚ್ಚಿಕೊಳ್ಳಲ್ಲ. ಆರು ಸ್ಲೈಡಲ್ಲಿ ಎರಡರ ಜೆಲ್ ಕಾವಲಿ ಬಿಟ್ಟ ದೋಸೆ ಥರ ಎದ್ದು ಬಫರ್ ದ್ರಾವಣದಲ್ಲಿ ತೇಲಿತು. ಉಳಿದ ನಾಲ್ಕನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಇನ್ನೊಂದು ಆಘಾತ. ಏನೂ ಹಾಕದ ಕಂಟ್ರೋಲ್ ಕೋಶಗಳಿಗೂ ಬಾಲ! ಡಿಎನ್‌ಎ ಕೆಡಿಸಲೆಂದೇ ಹೈಡ್ರೋಜನ್ ಪೆರಾಕ್ಸೈಡ್ ಕೊಟ್ಟ ಕೋಶಗಳಿಗೂ ಅಷ್ಟೇ ಬಾಲ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದು ಅಂತ ನನಗೇ ಗೊತ್ತಾಗಲಿಲ್ಲ.

ಇದನ್ನು ಓದುವ ಗೆಳತಿಯರಿಗೆ ಈ ಬಾಲದ ವಿಷಯ ಒಂಚೂರು ಹೇಳಿಬಿಡುತ್ತೇನೆ. ನಮ್ಮ ಒಂದೊಂದು ಕೋಶದಲ್ಲೂ ಸುಮಾರು 2 ಮೀಟರ್ ಡಿಎನ್‌ಎ ಸುತ್ತಿಕೊಂಡಿರುತ್ತೆ. ಅದು ಎಷ್ಟು ತುಂಡಾಗಿದೆ ಅಂತ ನೋಡಬೇಕು. ಕೋಶಗಳನ್ನು 37 ಡಿಗ್ರಿ ಬೆಚ್ಚಗಿನ ಅಗರೋಸಿನಲ್ಲಿ ಕಲಸಿ ಸ್ಲೈಡ್ ಮೇಲೆ ಹರಡುತ್ತೇವೆ. ಅಗರೋಸ್ ಅಂದರೆ ಅಡುಗೆಮನೆಯ ಚೈನಾ ಗ್ರಾಸ್‌ನಿಂದ ಶುದ್ಧ ಮಾಡಿ ತೆಗೆದದ್ದು. ಆಮೇಲೆ ಡಿಟರ್ಜೆಂಟ್ ಬೆರೆಸಿದ ಉಪ್ಪುನೀರಿನಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿಡುವುದು. ಲೀಟರಿಗೆ ಸುಮಾರು 146 ಗ್ರಾಂ ಉಪ್ಪು, ಪಣಂಬೂರಿನ ಸಮುದ್ರದ ನೀರಿಗಿಂತ ಹೆಚ್ಚುಕಮ್ಮಿ ನಾಲ್ಕು ಪಟ್ಟು. ಕೋಶದ ಸಿಪ್ಪೆ, ಪ್ರೋಟೀನು ಎಲ್ಲ ಕರಗಿ ಜೆಲ್ಲಿನೊಳಗೆ ಡಿಎನ್‌ಎ ಉಂಡೆ ಮಾತ್ರ ಉಳಿಯುತ್ತೆ. ಅದನ್ನು ಪಿಎಚ್ 13 ದಾಟಿದ ಕ್ಷಾರದಲ್ಲಿ 20 ನಿಮಿಷ ಇಟ್ಟು ಎಳೆಗಳನ್ನು ಬಿಡಿಸಿ, ಕರೆಂಟ್ ಹರಿಸುತ್ತೇವೆ. ಡಿಎನ್‌ಎಗೆ ನೆಗೆಟಿವ್ ಚಾರ್ಜ್ ಇರುವುದರಿಂದ ಅದು ಪಾಸಿಟಿವ್ ಕಡೆ ಹೋಗುತ್ತೆ. ತುಂಡಾಗದಿದ್ದರೆ ಉಂಡೆ ಕೂತಲ್ಲೇ ಕೂತಿರುತ್ತೆ. ತುಂಡಾಗಿದ್ದರೆ ಎಳೆಗಳು ಹೊರಗೆ ಎಳೆದುಕೊಂಡು ಬಾಲಚುಕ್ಕಿಯಂತೆ ಕಾಣುತ್ತೆ. ಬಾಲದಲ್ಲಿ ಡಿಎನ್‌ಎ ಜಾಸ್ತಿ ಅಂದರೆ ಹಾನಿ ಜಾಸ್ತಿ.

ಏಕಕೋಶದ ಈ ಉಪಾಯವನ್ನು 1984ರಲ್ಲಿ ಮಾಡಿ ತೋರಿಸಿದವರು ಸ್ವೀಡನ್ನಿನ ಓಸ್ಟ್‌ಲಿಂಗ್ ಮತ್ತು ಯೋಹಾನ್ಸನ್. ಈಗ ಎಲ್ಲ ಕಡೆ ನಡೆಯುವ ಕ್ಷಾರದ ವಿಧಾನ ಎನ್.ಪಿ. ಸಿಂಗ್ ಮತ್ತು ಜೊತೆಗಾರರದು, 1988ರದು. ಆ ಪೇಪರಿನ ಜೆರಾಕ್ಸ್ ನಮ್ಮ ಲ್ಯಾಬಿನ ಗೋಡೆ ಮೇಲಿದೆ, ಚಹಾದ ಕಲೆ ಸಮೇತ. ಪಕ್ಕದ ಬೆಂಚಿನ ಸೀನಿಯರ್ ಗಾಮಾ-ಎಚ್2ಎಎಕ್ಸ್ ಅನ್ನುವ ಇನ್ನೊಂದು ಪರೀಕ್ಷೆ ಮಾಡುತ್ತಾರೆ. ಎರಡೂ ಎಳೆ ತುಂಡಾದ ಜಾಗಗಳು ಅದರಲ್ಲಿ ಚುಕ್ಕಿ ಚುಕ್ಕಿಯಾಗಿ ಹೊಳೆಯುತ್ತವೆ. ನೋಡಲು ಚಂದ, ಆದರೆ ಅದಕ್ಕೆ ಬೇಕಾದ ಆಂಟಿಬಾಡಿಯ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತೆ. ನಮ್ಮದು ಬಡವರ ಅಸ್ಸೇ.

ಸರಿ, ಮಂಗಳವಾರ ಆಗಿದ್ದೇನು? ನೆನಪು ಮಾಡಿಕೊಂಡರೆ ಮೂರು ತಪ್ಪು ಸಿಕ್ಕಿತು. ಟ್ಯೂಬ್‌ಲೈಟ್ ಆರಿಸಿರಲಿಲ್ಲ, ಆ ಬೆಳಕಿಗೇ ಡಿಎನ್‌ಎ ಕೆಡಬಹುದು. ಕೋಶಗಳನ್ನು ಐಸ್ ಮೇಲಿಡದೆ ಮೇಜಿನ ಮೇಲೇ ಬಿಟ್ಟಿದ್ದೆ. ಮೂರನೆಯದು ಬರೆಯಲು ನಾಚಿಕೆ. ಕೋಶಗಳನ್ನು ತಟ್ಟೆಯಿಂದ ಬಿಡಿಸಲು ಟ್ರಿಪ್ಸಿನ್ ಹಾಕಿ ಮೂರು ನಿಮಿಷ ಅಂತ ಇಟ್ಟಿದ್ದೆ, ಅಷ್ಟರಲ್ಲಿ ಹಾಸನದಿಂದ ಅಮ್ಮನ ಫೋನ್. ಮೂರು ನಿಮಿಷ ಹದಿಮೂರಾಯಿತು. "ಬಾಲಚುಕ್ಕಿ ಕಂಡ್ರೆ ಊರಿಗೆ ಕೇಡು ಅಂತ ನಮ್ಮಜ್ಜಿ ಹೇಳ್ತಿದ್ರು ಕಣೇ, ನೀನು ದಿನಾ ಅದನ್ನೇ ಹುಡುಕ್ತಾ ಕೂತಿರ್ತೀಯ" ಅಂತ ನಗುತ್ತಿದ್ದಳು. ನಗು ನನಗೂ ಬಂದಿತ್ತು, ಸ್ಲೈಡ್ ನೋಡುವ ತನಕ.

ಇವತ್ತು ಫೋನ್ ಬ್ಯಾಗಿನಲ್ಲಿ. ದೀಪ ಆರಿಸಿ ಮೂಲೆಯ ಹಳದಿ ಬಲ್ಬ್ ಒಂದನ್ನೇ ಹಾಕಿದೆ. ಎಲ್ಲವೂ ಐಸ್ ಮೇಲೆ. ಐಸ್ ಯಾಕೆಂದರೆ ಕೋಶ ಸುಮ್ನೆ ಕೂರುವ ಜಾತಿಯಲ್ಲ. ಬೆಚ್ಚಗೆ ಅರ್ಧ ಗಂಟೆ ಬಿಟ್ಟರೆ ತುಂಡಾದ ಎಳೆಗಳನ್ನು ತಾನೇ ಹೊಲಿದುಕೊಳ್ಳಲು ಶುರುಮಾಡುತ್ತೆ, ಬಾಲ ಗಿಡ್ಡವಾಗುತ್ತೆ.

ಸ್ಲೈಡಿಗೆ ಕರೆಂಟ್ ಹರಿಸುವ ಟ್ಯಾಂಕ್ ಆನ್ ಮಾಡಿದಾಗ ಮೀಟರ್ 25 ವೋಲ್ಟಿಗೆ 318 ಮಿಲಿಆಂಪ್ ತೋರಿಸಿತು. ಬೇಕಾದ್ದು 300. ಪೈಪೆಟ್ಟಿನಲ್ಲಿ ಬಫರ್ ಎಳೆದು ತೆಗೆಯುತ್ತಾ ಹೋದೆ. 311, 304, 300. ಸಾಂಬಾರಿನ ಹದ ನೋಡಿದ ಹಾಗೆ. 20 ನಿಮಿಷ ಕರೆಂಟ್ ಹೋಗದಿರಲಿ ಅಂತ ಕದ್ರಿ ಮಂಜುನಾಥನಿಗೆ ಒಂದು ಕೈಮುಗಿದೆ. ಹೋಗಲಿಲ್ಲ.

ಎಣಿಸುವಾಗ ಜೂನಿಯರ್ ಹುಡುಗನ ಕೈಲಿ ಸ್ಲೈಡಿನ ಹೆಸರುಗಳ ಮೇಲೆ ಟೇಪ್ ಅಂಟಿಸಿ ಬರೀ ನಂಬರ್ ಹಾಕಿಸಿದೆ. ಹೆಸರು ಗೊತ್ತಿದ್ದರೆ ಕಣ್ಣು ಬೇಕಾದ್ದನ್ನೇ ಆರಿಸುತ್ತೆ. ಒಂದೊಂದು ಸ್ಲೈಡಿಗೆ 50 ಕೋಶ. ಜೆಲ್ಲಿನ ಅಂಚಿನಲ್ಲಿರುವುದು, ಗುಳ್ಳೆ ಪಕ್ಕದ್ದು, ಒಂದರ ಮೇಲೊಂದು ಬಿದ್ದಿರುವುದು ಲೆಕ್ಕಕ್ಕಿಲ್ಲ. ಕತ್ತಲ ಕೋಣೆಯಲ್ಲಿ ಎರಡೂವರೆ ಗಂಟೆ. ನಂಬರ್ 4ರಲ್ಲಿ ಕಿತ್ತಳೆ ಬಣ್ಣದ ದುಂಡು ದುಂಡು ಉಂಡೆಗಳು, ಕುಂಕುಮದ ಬೊಟ್ಟಿಟ್ಟ ಹಾಗೆ ಅಂಚು ನೀಟಾಗಿ. ನಂಬರ್ 2ರಲ್ಲಿ ಎಲ್ಲ ಬಾಲವೂ ಒಂದೇ ದಿಕ್ಕಿಗೆ. ಟೇಪ್ ಕಿತ್ತಾಗ 4 ಕಂಟ್ರೋಲ್, 2 ಪೆರಾಕ್ಸೈಡ್! ಆ ಕತ್ತಲಲ್ಲೇ ಎರಡು ಸಲ ಕುಣಿದೆ.

ಕುಣಿದದ್ದು ಮೇಡಂ ಹತ್ತಿರ ಹೋಗುವ ತನಕ. ಪೂರ್ತಿ ಕೇಳಿ, "ಮೂರನ್ನೂ ಒಟ್ಟಿಗೆ ಬದಲಾಯಿಸಿದ್ದೀಯಲ್ಲ, ಯಾವುದರಿಂದ ಸರಿಹೋಯ್ತು ಹೇಳು?" ಅಂದರು. ನನ್ನ ಬಾಯಿ ಬಂದ್. ಜೆರಾಕ್ಸ್ ನೋಡುವವಳಂತೆ ಗೋಡೆ ನೋಡಿದೆ.

ಹಾಗಾಗಿ ಶನಿವಾರ ಮತ್ತೆ. ಒಂದು ಬ್ಯಾಚಿಗೆ ಟ್ಯೂಬ್‌ಲೈಟ್ ಬೆಳಕು ಮಾತ್ರ, ಇನ್ನೊಂದಕ್ಕೆ ಐಸ್ ಇಲ್ಲ, ಮತ್ತೊಂದಕ್ಕೆ ಬೇಕಂತಲೇ ಹದಿಮೂರು ನಿಮಿಷ ಟ್ರಿಪ್ಸಿನ್. ಬರುವ ಮೊದಲು ಹನ್ನೆರಡು ಸ್ಲೈಡ್ ಬಳಿದು, ಈ ಸಲ ಗಾಳಿಗೆ ಬಿಡದೆ ಒಣಗಿಸುವ ಓವನ್ನಿನಲ್ಲೇ ಇಟ್ಟೆ. ಕೆಳಗಿನ ತಟ್ಟೆಯಲ್ಲಿ ಜಾಗ ಖಾಲಿ ಇತ್ತು. ಒದ್ದೆ ಸಾಕ್ಸ್ ಇಡುವ ಆಸೆ ತುಂಬಾ ಆಯಿತು. ಇಡಲಿಲ್ಲ.